ಚೆಂಡುಹೂವಿಗೆ ನೆರಳು

ನಮ್ಮ ಮನೆಯ ಅಡುಗೆಕಟ್ಟೆಯ ಮೂಲೆಯಲ್ಲಿ, ಉಪ್ಪಿನ ಭರಣಿಯ ಪಕ್ಕಕ್ಕೆ, ನಾಲ್ಕು ಲೀಟರಿನ ಒಂದು ಹಳೆಯ ಡಬ್ಬವಿದೆ. ಗೋಡೆಗೆ ಬಳಿಯುವ ಬಣ್ಣ ತುಂಬಿಕೊಂಡು ನನ್ನ ಹಾರ್ಡ್‌ವೇರ್ ಅಂಗಡಿಗೆ ಬಂದಿದ್ದು, ಬಣ್ಣವೆಲ್ಲ ನಮ್ಮದೇ ಹಿತ್ತಲ ಗೋಡೆಗೆ ಖರ್ಚಾದ ಮೇಲೆ ತಂತಿಯ ಹಿಡಿಕೆಯೊಂದಿಗೆ ಮನೆಯಲ್ಲೇ ಉಳಿದುಬಿಟ್ಟಿತು. ಅದರ ಹೊಟ್ಟೆಯ ಮೇಲೆ ತಿಳಿಹಸಿರಿನ ಒಂದು ಧಾರೆ ಇಳಿದು ಒಣಗಿದೆ. ಬೆಳಗ್ಗೆ ನನ್ನ ಹೆಂಡತಿ ನಾಗರತ್ನ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಸೊಪ್ಪು ಜಾಲಿಸಿದ ನೀರು ಎಲ್ಲವನ್ನೂ ಅದಕ್ಕೆ ಸುರಿಯುತ್ತಾಳೆ. ಎಂಟು ಗಂಟೆಗೆ ಸರಿಯಾಗಿ ಹಣೆಯಲ್ಲಿ ವಿಭೂತಿ, ಮೈಮೇಲೆ ಇಸ್ತ್ರಿಯ ಬಿಳಿ ಅಂಗಿ, ಕೈಯಲ್ಲಿ ಕಲಗಚ್ಚಿನ ಡಬ್ಬ, ಇಷ್ಟು ಅಲಂಕಾರದೊಂದಿಗೆ ನನ್ನ ಸವಾರಿ ಮೂಡಿಗೆರೆಯ ಮುಖ್ಯರಸ್ತೆಯಲ್ಲಿ ಬಸ್‌ಸ್ಟ್ಯಾಂಡಿನ ಕಡೆಗೆ ಹೊರಡುತ್ತದೆ.

ಮೊದಲ ವಾರ ನಾಚಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಐವತ್ತಾರು ವರ್ಷದ ಅಂಗಡಿಯವನು ತುಳುಕದ ಹಾಗೆ, ಅಂಗಿಗೆ ಸಿಡಿಯದ ಹಾಗೆ, ಮೈಯೆಲ್ಲ ಕಣ್ಣಾಗಿ ನಡೆಯುವುದನ್ನು ಊರು ಸುಮ್ಮನೆ ನೋಡಿಕೊಂಡಿರುತ್ತದೆಯೇ? ಟೀ ಹೋಟೆಲಿನ ಬಾಗಿಲಲ್ಲಿ ನಿಂತ ಜೀಪ್ ಡ್ರೈವರ್ ಮಂಜ ಎಲ್ಲರಿಗೂ ಕೇಳುವ ಹಾಗೆ, "ಏನ್ ಸಾವ್ಕಾರ್ರೆ, ಹಸು ಕಟ್ಟಿದ್ರಾ?" ಎಂದ. ನಾನು ನಕ್ಕಂತೆ ಮಾಡಿ ಮುಂದೆ ಹೋದೆ. ಆಮೇಲೆ ದಿನಾ ಅದೇ ಪ್ರಶ್ನೆ, ದಿನಾ ಅದೇ ನಗು.

ಈ ಡಬ್ಬ ಹೊರುವ ಕೆಲಸಕ್ಕೆ ನನ್ನನ್ನು ಹಚ್ಚಿದವರು ಶಾರದಕ್ಕ. ಬಣಕಲ್ ಹತ್ತಿರದ ಕಾಫಿ ತೋಟದಲ್ಲಿ ಮೂವತ್ತು ವರ್ಷ ಗಿಡಗಳ ನಡುವೆಯೇ ಓಡಾಡಿದವರು. ಮನೆ ಹಿಸ್ಸೆಯಾದಾಗ, ಏರು ತಗ್ಗಿನ ನೆಲ ಇನ್ನು ನನ್ನ ಮಂಡಿಗಾಗದು ಎಂದು ತೋಟವನ್ನು ಮೈದುನಂದಿರಿಗೆ ಬಿಟ್ಟು ತಮ್ಮ ಪಾಲಿಗೆ ಪಟ್ಟಣದ ಮನೆ ತೆಗೆದುಕೊಂಡರು. ಆ ಮನೆಗೆ ಮುಂದೆ ಸಿಮೆಂಟು, ಹಿಂದೆ ಸಿಮೆಂಟು. "ಕೈಗೆ ಮಣ್ಣು ತಾಗ್ದೆ ಆರು ತಿಂಗ್ಳಾಯ್ತು ರುದ್ರಣ್ಣ. ಊಟಕ್ಕೆ ಮುಂಚೆ ಕೈ ತೊಳ್ಯೋಕೂ ಒಂದು ಕಾರಣ ಇಲ್ಲ" ಎಂದು ಅವರು ಒಂದು ದಿನ ನನ್ನ ಅಂಗಡಿಯಲ್ಲಿ ನಿಂತು ಹೇಳಿದರು. ನಾನು ನಕ್ಕೆ. ಅವರು ನಗಲಿಲ್ಲ.

ನನ್ನ ಅಂಗಡಿಯ ಎದುರಿಗೇ, ಟೀ ಹೋಟೆಲಿನ ಗೋಡೆಗೂ ಬಸ್‌ಸ್ಟ್ಯಾಂಡಿಗೂ ನಡುವೆ, ಊರಿನ ಕಸವೆಲ್ಲ ಬಂದು ಬೀಳುತ್ತಿದ್ದ ಒಂದು ತುಂಡು ಜಾಗವಿತ್ತು. ಅವತ್ತು ಅವರ ಕಣ್ಣು ಅದರ ಮೇಲೆ ಬಿತ್ತು. ಜಾಗದ ಉಸ್ತುವಾರಿಯ ಕಚೇರಿಗೆ ಹೋಗಿ ಕೇಳಿದರು. ಚೆನ್ನಾಗಿ ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ ಎಂಬ ಬಾಯಿಮಾತಿನ ಒಪ್ಪಿಗೆ ಸಿಕ್ಕಿತು. ಒಂದು ತಿಂಗಳಲ್ಲಿ ನಾವು ಹನ್ನೊಂದು ಜನ ಸೇರಿ ಹೂದೋಟದ ಬಳಗವಾದೆವು. ಕಸ ಎತ್ತಿದೆವು, ಗಾಜಿನ ಚೂರು ಆರಿಸಿದೆವು, ಸುತ್ತಲೂ ಕಲ್ಲು ಜೋಡಿಸಿ ಕುಳ್ಳಗೆ ಒಂದು ಕಟ್ಟೆ ಮಾಡಿದೆವು, ತೋಟಗಳಿಂದ ಗೊಬ್ಬರ ಬೇಡಿ ತಂದೆವು. ನಮ್ಮ ಇಷ್ಟು ದಿನದ ಬದುಕಿನಲ್ಲಿ ಯಾರಿಗೂ ಸೇರದ ನೆಲವನ್ನು ನಾವು ಅಗೆದದ್ದು ಅದೇ ಮೊದಲು. ನಮ್ಮದಲ್ಲದ ಮಣ್ಣಿನಲ್ಲಿ ಬೆವರು ಸುರಿಸುವಾಗ ಮೈ ಯಾಕೋ ಹಗುರವಾಗುತ್ತದೆ. ಬೇಕಿದ್ದರೆ ನೀವೂ ಮಾಡಿ ನೋಡಿ.

ಇನ್ನು ನಮ್ಮ ತಪ್ಪಿನ ಕತೆಗೆ ಬರುತ್ತೇನೆ. ಬಳಗದ ಹಿರಿಯರು ಶೇಷಪ್ಪಣ್ಣ. ಒಂದೇ ಎಸ್ಟೇಟಿನಲ್ಲಿ ನಲವತ್ತು ವರ್ಷ ರೈಟರ್ ಆಗಿದ್ದವರು. ನಮ್ಮ ಕಡೆ ರೈಟರ್ ಎಂದರೆ ಕತೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆದು, ಕೆಲಸ ಹಂಚಿ, ತೋಟದ ಉದ್ದಗಲ ನಡೆದು ನೋಡುವವನು. ಮೊದಲ ಮಳೆ ಬಿದ್ದ ವಾರ ನಾವು ನಡುವೆ ಚೆಂಡುಹೂವಿನ ಸಸಿ ನೆಟ್ಟು ಕೈ ತೊಳೆಯುವಷ್ಟರಲ್ಲಿ ಶೇಷಪ್ಪಣ್ಣ ಒಂದು ಜೀಪಿನ ತುಂಬ ಹಾಲುವಾಣದ ಗೂಟ ತಂದಿಳಿಸಿದರು. ಹಾಲುವಾಣ ನಿಮಗೆ ಗೊತ್ತಿರಬಹುದು. ಕೊಂಬೆ ಕಡಿದು ನೆಟ್ಟರೆ ಸಾಕು, ಚಿಗುರಿ ಮರವಾಗುತ್ತದೆ. ಕಾಫಿಯ ಎಳೆಗಿಡಕ್ಕೆ ನೆರಳು ಕೊಡಲು ಅದಕ್ಕಿಂತ ಒಳ್ಳೆಯ ಮರ ನಮಗೆ ತಿಳಿದಿಲ್ಲ. ಅಳತೆ ಹಿಡಿದು, ಸಾಲು ನೋಡಿ, ಶೇಷಪ್ಪಣ್ಣ ಚೆಂಡುಹೂವಿನ ನಡುವೆ ನಡುವೆ ಗೂಟ ನೆಡಿಸಿದರು. ಹನ್ನೊಂದು ಜನರಲ್ಲಿ ಒಬ್ಬರಾದರೂ, ಯಾಕೆ ಶೇಷಪ್ಪಣ್ಣ, ಚೆಂಡುಹೂವಿಗೆ ನೆರಳು ಯಾಕೆ ಎಂದು ಕೇಳಿದೆವೇ? ಇಲ್ಲ. ಮಣ್ಣು ಮೆಟ್ಟಿ ಗಟ್ಟಿ ಮಾಡಿದೆವು. ನೆರಳಿಲ್ಲದೆ ಗಿಡ ಬದುಕೀತು ಎಂಬ ಯೋಚನೆಯೇ ಇಲ್ಲಿ ಹುಟ್ಟಿದವರ ತಲೆಗೆ ಹತ್ತುವುದಿಲ್ಲ. ಬೀಜದ ಪೊಟ್ಟಣದ ಬೆನ್ನಿನಲ್ಲಿ ಪೂರ್ತಿ ಬಿಸಿಲು ಬೇಕು ಎಂದು ಅಚ್ಚಾಗಿದ್ದುದನ್ನು ನಾನೇ ಓದಿದ್ದೆ. ಬಯಲುಸೀಮೆಯವರಿಗೆ ಬರೆದದ್ದಿರಬೇಕು ಎಂದುಕೊಂಡು ಅದನ್ನು ಜೇಬಿಗೆ ಹಾಕಿಕೊಂಡೆ.

ಆ ವರ್ಷ ಗಿಡಗಳು ಎತ್ತರವಾದವು, ಸಣಕಲಾದವು, ಒಂದಕ್ಕೊಂದು ಒರಗಿಕೊಂಡವು. ಹೂ ಮಾತ್ರ ಅಲ್ಲೊಂದು ಇಲ್ಲೊಂದು. ಮಣ್ಣು ಸರಿಯಿಲ್ಲ ಎಂದರು ಒಬ್ಬರು, ಬೀಜ ಹಳೆಯದು ಎಂದರು ಇನ್ನೊಬ್ಬರು, ಬಸ್ಸಿನ ಹೊಗೆ ಎಂದರು ಮತ್ತೊಬ್ಬರು. ಕೊನೆಗೆ ಎಲ್ಲರೂ ಒಮ್ಮತದಿಂದ ದೃಷ್ಟಿ ತಾಗಿದೆ ಎಂಬ ತೀರ್ಮಾನಕ್ಕೆ ಬಂದು ಒಂದು ಬೂದುಗುಂಬಳಕಾಯಿ ಕಟ್ಟಿದೆವು. ಎರಡನೆಯ ಮಳೆಗಾಲ ಮುಗಿದ ಮೇಲೆ ಮತ್ತೆ ಬಿತ್ತಿದೆವು. ಅಷ್ಟರಲ್ಲಿ ಹಾಲುವಾಣಗಳು ಆಳೆತ್ತರ ಮೀರಿ ಕೊಡೆಯಂತೆ ಹರಡಿಕೊಂಡಿದ್ದವು. ಶೇಷಪ್ಪಣ್ಣ ಅವುಗಳನ್ನು ನೋಡಿ ಹಿಗ್ಗುತ್ತಿದ್ದರು.

ಆಮೇಲೆ ಬಂದದ್ದು ಈ ವರ್ಷದ ಬೇಸಿಗೆ. ನಮ್ಮಲ್ಲಿ ಬೇಸಿಗೆಯ ಬಾಗಿಲಲ್ಲಿ ಒಂದೆರಡು ಮಳೆ ಬೀಳಬೇಕು. ಅದಕ್ಕೆ ಹೂಮಳೆ ಎನ್ನುತ್ತೇವೆ. ಅದು ಬಿದ್ದ ಎಂಟೊಂಬತ್ತನೆಯ ದಿನಕ್ಕೆ ಕಾಫಿ ಗಿಡಗಳು ಮೈತುಂಬ ಬಿಳಿ ಹೂ ಹೊದ್ದು ನಿಲ್ಲುತ್ತವೆ, ಬಸ್ಸಿನ ಕಿಟಕಿಯಲ್ಲೂ ಆ ಪರಿಮಳ ನುಗ್ಗುತ್ತದೆ. ಆ ದಿನಗಳಲ್ಲಿ ಫೋನು ಎತ್ತಿದರೆ ಕ್ಷೇಮಸಮಾಚಾರ ಆಮೇಲೆ, ಮೊದಲು "ನಿಮ್ಮಲ್ಲಿ ಎಷ್ಟು ಸೆಂಟ್ಸ್ ಬಂತು?" ಎಂಬ ವಿಚಾರಣೆ. ಮಳೆಯನ್ನು ನಾವು ಸೆಂಟ್ಸ್ ಲೆಕ್ಕದಲ್ಲಿ, ಎಂದರೆ ಇಂಚಿನ ನೂರನೆಯ ಪಾಲಿನಲ್ಲಿ, ಅಳೆಯುವವರು. ಈ ವರ್ಷ ಆ ಪ್ರಶ್ನೆಯೇ ನಿಂತುಹೋಯಿತು. ಮೊಗ್ಗುಗಳು ಕೊಂಬೆಗೆ ಅಂಟಿಕೊಂಡು ಕಂದಿದವು. ನಲ್ಲಿಯಲ್ಲಿ ನೀರು ಮೂರು ದಿನಕ್ಕೊಮ್ಮೆ. ನನ್ನ ಅಂಗಡಿಗೆ ಬಂದವರೆಲ್ಲ ಪೈಪು ಬಿಟ್ಟು ಡ್ರಮ್ಮು ಕೇಳತೊಡಗಿದರು. ಮಾತಿಗೆ ಮೊದಲೇ ಸಿಟ್ಟಾಗುವ ಜನ ಹೆಚ್ಚಾದರು, ನಾನೂ ಸೇರಿದಂತೆ.

ಹಾಗಿರುವಾಗ ಹೂದೋಟ ಊರಿನ ಕಣ್ಣಿಗೆ ಚುಚ್ಚಿದ್ದು ತಪ್ಪೇನಲ್ಲ. "ಕುಡ್ಯೋ ನೀರಿಗೇ ಗತಿ ಇಲ್ಲ, ಇವರ ಹೂವಿನ ಶೋಕಿ ನೋಡು ಮಾರಾಯ" ಎಂದು ಮಂಜನೇ ಹೇಳಿದ್ದು ನನ್ನ ಕಿವಿಗೂ ಬಿತ್ತು. ದೂರು ಕಚೇರಿಗೂ ಹೋಯಿತು. ಬಸ್‌ಸ್ಟ್ಯಾಂಡಿನಲ್ಲಿ ಬೈಕು ನಿಲ್ಲಿಸಲು ಜಾಗ ಸಾಲದು, ಆ ತುಂಡನ್ನು ಅದಕ್ಕೇ ಕೊಡುವುದು ಮೇಲು ಎಂಬ ಮಾತು ಅಲ್ಲಿಂದ ತೇಲಿ ಬಂತು. ಶಾರದಕ್ಕ ಸೀರೆಯ ಸೆರಗು ಬಿಗಿದು, ಮಂಡಿಗೆ ಪಟ್ಟಿ ಕಟ್ಟಿಕೊಂಡು ಕಚೇರಿಯ ಮೆಟ್ಟಿಲು ಹತ್ತಿದರು. ಜೊತೆಗೆ ನಾನೂ ಇದ್ದೆ. ಅಲ್ಲಿನ ಸಾಹೇಬರ ಎದುರಿಗೆ ನಿಂತು ಅವರು ಹೇಳಿದ್ದು ಇಷ್ಟೇ: "ನಲ್ಲಿ ನೀರು ಒಂದು ತೊಟ್ಟೂ ಮುಟ್ಟಲ್ಲ. ಯುಗಾದಿ ಕಳೆದ ಮೊದಲನೇ ಸೋಮವಾರ ನೀವೇ ಬಂದು ನೋಡಿ. ಕಟ್ಟೆ ಉದ್ದಕ್ಕೂ ಹೂ ಕಾಣದಿದ್ರೆ ಜಾಗಾನ ನಾವೇ ಬಿಟ್ಕೊಡ್ತೀವಿ." ಸಾಹೇಬರು ಒಳ್ಳೆಯವರು, ಆಗಲಿ ಎಂದರು. ಮೆಟ್ಟಿಲಿಳಿಯುವಾಗ ಶಾರದಕ್ಕ ನನ್ನ ತೋಳು ಹಿಡಿದುಕೊಂಡರು. ಅದು ಮಂಡಿ ನೋವಿಗಿರಲಿಕ್ಕಿಲ್ಲ ಎಂದು ನನಗನ್ನಿಸಿತು. ಅವರಿಗೆ ಉಳಿದಿದ್ದ ಮಣ್ಣು ಅದೊಂದೇ.

ಡಬ್ಬಗಳು ಹುಟ್ಟಿದ್ದು ಹೀಗೆ. ಒಂದು ಮನೆಗೆ ಒಂದು ಡಬ್ಬ, ಒಮ್ಮೆ ಬಳಸಿದ ನೀರು ಮಾತ್ರ. ಖಾಲಿ ಡಬ್ಬಗಳನ್ನು ನಾನೇ ಹಂಚಿದೆ. ಊರು ನಮಗೆ ಡಬ್ಬದ ಸಂಘವೆಂದು ಹೊಸದಾಗಿ ನಾಮಕರಣ ಮಾಡಿತು. ಹನ್ನೊಂದು ಡಬ್ಬಗಳು ಕಟ್ಟೆಯ ಮೇಲೆ ಸಾಲಾಗಿ ಕೂತಾಗ ಹನ್ನೊಂದು ಮನೆಗಳ ಅಡುಗೆಮನೆಯೇ ಅಲ್ಲಿ ಬಯಲಾಗುತ್ತಿತ್ತು. ಇವರ ಮನೆಯಲ್ಲಿ ಇವತ್ತು ದೋಸೆಗೆ ಉದ್ದು ನೆನೆಸಿದ್ದಾರೆ, ಅವರ ಮನೆಗೆ ನೆಂಟರು ಬಂದಿದ್ದಾರೆ, ನೀರು ಬೆಳ್ಳಗೆ ದಪ್ಪಗಿದೆ. ಭಾನುವಾರ ಮಾತ್ರ ಶೇಷಪ್ಪಣ್ಣನ ಡಬ್ಬವನ್ನು ನಾನು ದೂರದಿಂದಲೇ ಗುರುತಿಸುತ್ತಿದ್ದೆ, ಏಕೆಂದರೆ ಅದರ ಹಿಂದೆ ಎರಡು ಬೆಕ್ಕುಗಳು ನಡೆದು ಬರುತ್ತಿದ್ದವು. "ಮೀನು ತೊಳೆದ ನೀರು ಗಿಡಕ್ಕೆ ಅಮೃತ ಸಾವ್ಕಾರ್ರೆ, ನೀವು ಮೂಗು ಮುಚ್ಕೊಳ್ಳಿ" ಎನ್ನುತ್ತ ಅವರು ನನ್ನ ಬೇಳೆಯ ನೀರಿನ ಪಕ್ಕದಲ್ಲೇ ಅದನ್ನು ಸುರಿಯುತ್ತಿದ್ದರು. ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಉಣ್ಣಲು ನೂರು ಯೋಚನೆ ಮಾಡುವ ನಾವು ಒಂದೇ ಬುಡಕ್ಕೆ ಎಲ್ಲವನ್ನೂ ಎರೆದೆವು. ನೀರು ಯಾರ ಮನೆಯದು ಎಂದು ಗಿಡ ಕೇಳಲಿಲ್ಲ, ಕುಡಿಯಿತು. ನೀರಿಗೆ ಬರ ಬಂದಾಗಲೇ ಅಲ್ಲವೇ ನೀರಿನ ಮೇಲೆ ನಮ್ಮ ಕಣ್ಣು ಬೀಳುವುದು? ಅದಕ್ಕೂ ಮೊದಲು ನಾಗರತ್ನ ಅಕ್ಕಿ ತೊಳೆಯುವುದನ್ನು ನಾನು ಒಮ್ಮೆಯೂ ನಿಂತು ನೋಡಿದವನಲ್ಲ. ಮೂರು ಸಲ ತೊಳೆಯುತ್ತಾಳೆ, ಮೂರನೆಯ ಸಲ ಬೆರಳು ನಿಧಾನವಾಗುತ್ತದೆ. ಇಪ್ಪತ್ತೆಂಟು ವರ್ಷ ಆ ಅನ್ನ ಉಂಡಿದ್ದೇನೆ.

ಯುಗಾದಿಗೆ ಹತ್ತು ದಿನವಿದ್ದಾಗ ನಮ್ಮ ತಪ್ಪು ಕಣ್ಣಿಗೆ ಬಿತ್ತು. ಹೋಟೆಲಿನ ಕಡೆಯ ಮೂಲೆಯಲ್ಲಿ ಒಂದು ಗೂಟ ಬೇರು ಹಿಡಿಯದೆ ಸತ್ತಿತ್ತು. ಅಲ್ಲಿ ಬಿಸಿಲು ನೇರವಾಗಿ ಬೀಳುತ್ತಿತ್ತು. ಅಲ್ಲಿದ್ದ ಒಂದೇ ಒಂದು ಚೆಂಡುಹೂವಿನ ಗಿಡ ಗಿಡ್ಡಗೆ, ದುಂಡಗೆ ಬೆಳೆದು ಇಪ್ಪತ್ತು ಹೂ ಬಿಟ್ಟು, ದಡ್ಡರಾ, ಇಲ್ಲಿ ನೋಡಿ ಎನ್ನುವ ಹಾಗೆ ನಿಂತಿತ್ತು. ನಾನು ಮನೆಗೆ ಹೋಗಿ ಹಳೆಯ ಅಂಗಿಯ ಜೇಬಿನಿಂದ ಬೀಜದ ಪೊಟ್ಟಣ ಹುಡುಕಿ ತಂದು ಎಲ್ಲರೆದುರು ಓದಿದೆ. ಶಾರದಕ್ಕ ತಲೆಯ ಮೇಲಿನ ಹಾಲುವಾಣವನ್ನು ನೋಡಿದರು, ಕೆಳಗಿನ ಸಣಕಲು ಗಿಡಗಳನ್ನು ನೋಡಿದರು, "ಮರಗಸಿ ಮಾಡ್ಬಿಡೋಣ" ಎಂದರು. ಮರಗಸಿಯೆಂದರೆ ನೆರಳಿನ ಮರದ ಕೊಂಬೆ ಸವರಿ ಬಿಸಿಲು ಇಳಿಸುವುದು.

ಶೇಷಪ್ಪಣ್ಣ ಕೆಂಡವಾದರು. "ಹೂಮಳೆ ಬೀಳ್ದೆ ಮರಗಸಿ ಮಾಡಿದ್ದನ್ನ ನನ್ನ ಜನ್ಮದಲ್ಲಿ ನೋಡಿಲ್ಲ. ಈ ಬಿಸಿಲಿಗೆ, ಈ ಡಬ್ಬದ ನೀರಿಗೆ, ನಾಲ್ಕೇ ದಿನದಲ್ಲಿ ಎಲ್ಲಾ ಸುಟ್ಟು ಹೋಗುತ್ತೆ ಶಾರದಮ್ಮ."

"ಸೋಮವಾರದ ಹೊತ್ತಿಗೆ ನಾಲ್ಕು ಮೊಗ್ಗಾದ್ರೂ ಅರಳುತ್ತಲ್ಲ ಶೇಷಪ್ಪಣ್ಣ. ಜಾಗವೇ ಹೋದ್ಮೇಲೆ ಗಿಡ ಇಟ್ಕೊಂಡು ಏನ್ಮಾಡೋದು?"

ಇಬ್ಬರ ಮಾತೂ ಸರಿಯಾಗಿತ್ತು, ಕಷ್ಟ ಇದ್ದದ್ದೇ ಅಲ್ಲಿ. ಮರುದಿನ ಶೇಷಪ್ಪಣ್ಣ ತಮ್ಮ ಕತ್ತಿಯನ್ನು ಚೆನ್ನಾಗಿ ಮಸೆದು ತಂದು ಶಾರದಕ್ಕನ ಕೈಗೆ ಕೊಟ್ಟರು. ತಾವು ಮಾತ್ರ ಬರುವುದಿಲ್ಲ ಎಂದು ಹೇಳಿ ಹೋದರು.

ಗುರುವಾರ ಬೆಳಗ್ಗೆ ಹತ್ತರ ಹೊತ್ತಿಗೆ ಶಾರದಕ್ಕ ಕತ್ತಿ ಹಿಡಿದು ಬಂದದ್ದನ್ನು ನಾನು ಅಂಗಡಿಯಿಂದ ನೋಡಿದೆ. ಏಣಿ ಹಿಡಿದುಕೊಳ್ಳಲು ಹೋದೆ. ಕಟ್ಟೆಯ ಮೇಲೆ ಕಳಸದ ಬಸ್ಸಿನಿಂದ ಇಳಿದ ನಾಲ್ಕೈದು ಹೆಂಗಸರು ಕೂತಿದ್ದರು. ಒಬ್ಬಳ ಮಡಿಲಲ್ಲಿ ಮಗು ಮಲಗಿತ್ತು.

"ಅಮ್ಮಾ, ಮರ ಕಡೀತೀರಾ?" ಎಂದಳು ಅವಳು.

"ಕೊಂಬೆ ಮಾತ್ರ. ಸ್ವಲ್ಪ ಆ ಕಡೆ ಹೋಗಿ ಕೂತ್ಕೊಳ್ತೀರಾ?"

ಅವಳು ಆ ಕಡೆ ನೋಡಿದಳು. ಆ ಕಡೆ ಎಂಬುದು ಡಾಂಬರು, ಬಿಸಿಲು, ಜನ ತುಂಬಿ ತುಳುಕುತ್ತಿದ್ದ ತಗಡಿನ ಮಾಡು. "ನಮ್ಮ ಬಸ್ಸು ಬರೋತನಕ ತಡೀರಮ್ಮ. ಮಗೂಗೆ ಜ್ವರ, ಜಿಲ್ಲಾಸ್ಪತ್ರೆಗೆ ಹೋಗ್ಬೇಕು. ಇಡೀ ಸ್ಟ್ಯಾಂಡಲ್ಲಿ ತಣ್ಣಗಿರೋ ಜಾಗ ಇದೊಂದೇ."

ಆಗಲಿ ಎಂದು ಶಾರದಕ್ಕ ಅವರ ಪಕ್ಕದಲ್ಲೇ ಕೂತರು. ಬಸ್ಸು ಮುಕ್ಕಾಲು ಗಂಟೆ ತಡವಾಗಿ ಬಂತು, ಹೆಂಗಸರು ಮಗುವನ್ನೆತ್ತಿಕೊಂಡು ಹತ್ತಿ ಹೋದರು. ಶಾರದಕ್ಕ ಏಳುವಷ್ಟರಲ್ಲಿ ಹೊರನಾಡಿಗೆ ಹೊರಟಿದ್ದ ಒಂದು ಸಂಸಾರ ಬುತ್ತಿಯ ಗಂಟು ಬಿಚ್ಚಿ ಕೂತಿತ್ತು. ಆ ಸಂಸಾರ ಎದ್ದ ಮೇಲೆ ಲೋಡು ಇಳಿಸಿದ ಆಳುಗಳು ಬಂದು ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತ ಒರಗಿದರು. ಮಂಜನೂ ಬಂದು ಜೀಪಿನ ಕೀ ಕುಣಿಸುತ್ತ ಕೂತ. ಮಧ್ಯಾಹ್ನ ಒಂದು ಗಂಟೆಯಾಯಿತು. ಕತ್ತಿ ಶಾರದಕ್ಕನ ಮಡಿಲಲ್ಲೇ ಇತ್ತು. ಕೊನೆಗೆ ಅವರು ರಸ್ತೆ ದಾಟಿ ನನ್ನ ಅಂಗಡಿಗೆ ಬಂದು ಅದನ್ನು ಗಲ್ಲಾದ ಮೇಲಿಟ್ಟರು.

"ಇದು ಇಲ್ಲೇ ಇರ್ಲಿ ರುದ್ರಣ್ಣ. ಮನೆಗೆ ತಗೊಂಡು ಹೋದ್ರೆ ನಾಳೆ ಬೆಳಗ್ಗೆ ಮತ್ತೆ ಮನಸ್ಸು ಬದಲಾಗುತ್ತೆ."

"ಜಾಗ ಹೋಗುತ್ತಲ್ಲ ಶಾರದಕ್ಕ."

"ಹೋಗುತ್ತೆ" ಎಂದರು. ಆಮೇಲೆ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು, ಉಗುರಿನ ಸಂದಿಯಲ್ಲಿ ಮಣ್ಣಿತ್ತು. ಎರಡು ವರ್ಷ ಹೂ, ಹೂ ಎಂದು ಕೆಳಗೇ ನೋಡುತ್ತಿದ್ದೆವು. ನಮ್ಮ ತಲೆಯ ಮೇಲೆ ಏನು ಬೆಳೆದಿದೆ, ಅದರಡಿ ಯಾರು ಬಂದು ಕೂರುತ್ತಿದ್ದಾರೆ ಎಂಬುದು ಅಂಗಡಿಯ ಎದುರಿಗೇ ಇದ್ದೂ ನನಗೆ ಕಂಡಿರಲಿಲ್ಲ.

ಯುಗಾದಿ ಕಳೆದ ಸೋಮವಾರ ಸಾಹೇಬರು ಮಾತಿನಂತೆ ಬಂದರು, ಹನ್ನೆರಡರ ಸುಡುಬಿಸಿಲಿನಲ್ಲಿ. ಬಳಗದ ಹನ್ನೊಂದೂ ಜನ ಇದ್ದೆವು. ಶೇಷಪ್ಪಣ್ಣ ಸ್ವಲ್ಪ ದೂರದಲ್ಲಿ, ಕೈಕಟ್ಟಿ. ಕಟ್ಟೆಯ ಉದ್ದಕ್ಕೂ ಹೂ ಇರಲಿಲ್ಲ, ಜನ ಇದ್ದರು. ಒಬ್ಬರಿಗೊಬ್ಬರು ಒತ್ತಿಕೊಂಡು, ಚೀಲ ಕಾಲಡಿಗಿಟ್ಟು, ಒಬ್ಬ ಮುದುಕ ಬಾಯಿ ತೆರೆದು ನಿದ್ದೆ ಹೋಗಿದ್ದ. ಮೂಲೆಯ ಗಿಡದ ಇಪ್ಪತ್ತು ಹೂಗಳಲ್ಲಿ ಹದಿನೈದು ಯಾರದೋ ಮುಡಿಗೆ ಹೋಗಿದ್ದವು. ಶಾರದಕ್ಕ ಎದುರಿಗೆ ಬಂದು ನಿಂತರು. ನೆಪ ಹೇಳಲಿಲ್ಲ.

"ಹೂ ಆಗ್ಲಿಲ್ಲ ಸಾರ್. ಬಿಸಿಲಿನ ಗಿಡಕ್ಕೆ ನೆರಳು ಮಾಡಿದ್ವಿ, ತಪ್ಪು ನಮ್ದೇ. ಕೊಂಬೆ ಕಡಿದಿದ್ರೆ ನಾಲ್ಕು ಹೂ ಬರ್ತಿದ್ವು, ನನ್ನ ಕೈಲಿ ಆಗ್ಲಿಲ್ಲ. ಮಾತು ಕೊಟ್ಟಿದ್ದೆ, ಜಾಗ ತಗೊಳ್ಳಿ. ಆದ್ರೆ ಇವ್ರನ್ನ ಎಬ್ಬಿಸೋ ಕೆಲಸ ಮಾತ್ರ ನೀವೇ ಮಾಡ್ಕೋಬೇಕು."

ಸಾಹೇಬರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಒರೆಸಿಕೊಳ್ಳುತ್ತ ಎರಡು ಹೆಜ್ಜೆ ಮುಂದೆ ಬಂದರು, ತಮಗೇ ತಿಳಿಯದ ಹಾಗೆ ನೆರಳಿನೊಳಕ್ಕೆ. ನಿದ್ದೆಯಲ್ಲಿದ್ದ ಮುದುಕನನ್ನು ನೋಡಿದರು. "ಎಬ್ಬಿಸೋದು ನನ್ನ ಕೈಲೂ ಆಗಲ್ಲಮ್ಮ. ಬೈಕು ನಿಲ್ಸೋಕೆ ಬೇರೆ ಕಡೆ ನೋಡೋಣ" ಎಂದವರು, ಸತ್ತ ಗೂಟದ ಮೂಲೆಯನ್ನು ತೋರಿಸಿ, "ಅಲ್ಲೂ ಒಂದು ನೆಡಬಹುದಲ್ವಾ?" ಎಂದು ಕೇಳಿದರು.

ದೂರದಲ್ಲಿದ್ದ ಶೇಷಪ್ಪಣ್ಣನ ಕೈಕಟ್ಟು ಬಿಚ್ಚಿತು. "ಮಳೆ ಹಿಡೀಲಿ ಸಾರ್, ಮೊದಲನೇ ವಾರಕ್ಕೇ ಗೂಟ ತರ್ತೀನಿ" ಎನ್ನುತ್ತ ಮುಂದೆ ಬಂದರು. "ಆ ಮೂಲೆ ಚೆಂಡುಹೂವಿಗೆ ಬಿಡಿ ಶೇಷಪ್ಪಣ್ಣ, ಅದೊಂದಾದ್ರೂ ಬದುಕಿಕೊಳ್ಲಿ" ಎಂದರು ಶಾರದಕ್ಕ. ಎಲ್ಲರೂ ನಕ್ಕೆವು. ಎದ್ದ ಮುದುಕ ಬಸ್ಸು ಹೋಯ್ತಾ ಎಂದು ಗಾಬರಿಯಿಂದ ಕೇಳಿದ.

ಹೂಮಳೆ ಇನ್ನೂ ಬಂದಿಲ್ಲ. ಬರುತ್ತದೆ, ಬರದೆ ಎಲ್ಲಿಗೆ ಹೋದೀತು. ಆದರೆ ಮೊನ್ನೆ ನಡೆದದ್ದನ್ನು ನಿಮಗೆ ಹೇಳದೆ ಇರಲಾರೆ. ಎಂದಿನಂತೆ ಎಂಟಕ್ಕೆ ಡಬ್ಬ ಹಿಡಿದು ಹೋದರೆ ಮಣ್ಣು ಆಗಲೇ ಒದ್ದೆಯಾಗಿತ್ತು. ಒಂದು ಬುಡವಲ್ಲ, ಎಲ್ಲ ಬುಡಗಳೂ. ಹೋಟೆಲಿನವರು ಲೋಟ ತೊಳೆದ ನೀರಿನ ಬಕೆಟ್ಟನ್ನು ಚರಂಡಿಗೆ ಚೆಲ್ಲದೆ ಅಲ್ಲಿಗೆ ತಂದು ಸುರಿಯುತ್ತಿದ್ದಾರೆ. ಬಸ್ಸು ಹತ್ತುವವರು ಬಾಟಲಿಯ ತಳದಲ್ಲಿ ಉಳಿದ ನೀರನ್ನು ಹಾಲುವಾಣದ ಬುಡಕ್ಕೆ ಬಗ್ಗಿಸಿ ಹೋಗುತ್ತಿದ್ದಾರೆ. ನಾನು ಒಂದು ಸುತ್ತು ಹಾಕಿ ಒಣಗಿದ ಜಾಗ ಹುಡುಕಿದೆ, ಸಿಗಲಿಲ್ಲ. ತುಂಬಿದ ಡಬ್ಬವನ್ನು ಹಿಡಿದುಕೊಂಡು ಹಿಂದಕ್ಕೆ ಹೊರಟೆ.

ಮಂಜ ಜೀಪಿನ ಪಕ್ಕ ನಿಂತಿದ್ದ. "ಏನ್ ಸಾವ್ಕಾರ್ರೆ, ವಾಪಸ್ ತಗೊಂಡು ಹೊರಟ್ರಿ? ಹಸು ಕುಡೀಲಿಲ್ವಾ?"

"ಕುಡಿದಾಗಿತ್ತು ಮಾರಾಯ. ನಾನು ಹೋಗೋಷ್ಟ್ರಲ್ಲಿ ಯಾರೋ ಕುಡಿಸಿಬಿಟ್ಟಿದ್ರು" ಎಂದೆ. ಅವನು ಮುಖ ಆ ಕಡೆ ತಿರುಗಿಸಿ ಜೀಪಿನ ಗಾಜು ಒರೆಸತೊಡಗಿದ. ಅವನ ಪ್ಯಾಂಟಿನ ಎರಡೂ ಕಾಲು ಮಂಡಿಯವರೆಗೆ ನೆನೆದಿದ್ದವು.

ಮನೆಗೆ ಬಂದು ಡಬ್ಬವನ್ನು ಉಪ್ಪಿನ ಭರಣಿಯ ಪಕ್ಕಕ್ಕಿಟ್ಟೆ. ನೀರು ಅಂಚಿನವರೆಗೂ ಇರುವುದನ್ನು ಕಂಡು ನಾಗರತ್ನ ಗಾಬರಿಯಾದಳು. ಗಿಡ ಸತ್ತುಹೋಯ್ತಾ ಎಂದು ಕೇಳಿದಳು. ಇಲ್ಲ ಎಂದೆ. ಡಬ್ಬದ ಹಸಿರು ಧಾರೆಯನ್ನು ಹೆಬ್ಬೆರಳಿನಿಂದ ಒರೆಸುತ್ತ, ಊರಿನ ಮುಂದೆ ಸೋತು ಬಂದವನ ಸಂತೋಷವನ್ನು ಮುಚ್ಚಿಟ್ಟುಕೊಳ್ಳಲಾಗದೆ ಹೇಳಿದೆ:

"ನಾಳೆಯಿಂದ ಅಕ್ಕಿ ಸ್ವಲ್ಪ ಬೇಗ ತೊಳಿ."